ತಟ್ಟೆಯಣ್ಣನ ಬಲಗೈ

ಅವಳಿಗೆ ನಲವತ್ತಾರು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಅರ್ಧ ಮಿಲಿಮೀಟರ್ ಆಚೀಚೆಯಾದರೂ ಗಿರಾಕಿಗೆ ತಲೆನೋವು ಬರುತ್ತದೆ. ಹಾಗಾಗಿ ಇಪ್ಪತ್ತೆರಡು ವರ್ಷದಿಂದ ಅವಳು ಆ ಅರ್ಧ ಮಿಲಿಮೀಟರನ್ನು ಕಾದುಕೊಂಡು ಕೂತಿದ್ದಾಳೆ. ಅಂಗಡಿಯಲ್ಲಿ ಮಾಲೀಕನೂ ಸೇರಿದಂತೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಾರೆ. ಭಾನುವಾರ ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ಆ ಮೇಡಂ ಎಲ್ಲಿ ಮಾಯವಾಗುತ್ತಾಳೋ, ಬರೀ ‘ಪುಟ್ಟಿ’ ಉಳಿಯುತ್ತಾಳೆ. ನಲವತ್ತಾರರ ಹೆಂಗಸನ್ನು ಇನ್ನೂರು ಜನರ ಮುಂದೆ ಮೈಕಿನಲ್ಲಿ ಪುಟ್ಟಿ ಎಂದು ಕೂಗುವ ಅಣ್ಣಂದಿರಿಗೆ ಏನು ಶಿಕ್ಷೆ ಕೊಡಬೇಕೋ ಗೊತ್ತಿಲ್ಲ. ಅವಳು ಮಾತ್ರ ಓಗೊಡುತ್ತಾಳೆ.

ಅಣ್ಣನಿಗೆ ಐವತ್ತೆಂಟು. ಊರು ಅವನನ್ನು ಕರೆಯುವುದು ತಟ್ಟೆಯಣ್ಣ ಎಂದು. ಮೂವತ್ತೈದು ವರ್ಷ ಅವನು ಹಾಡಿನ ತಟ್ಟೆಗಳನ್ನು ತಿರುಗಿಸಿಯೇ ಬದುಕಿದವನು. ಸಮುದಾಯ ಭವನದಲ್ಲಿ ಭಾನುವಾರ ಮೂರರಿಂದ ಆರರವರೆಗೆ ನಡೆಯುವ ಕುಣಿತಕ್ಕೆ ಅವನೇ ಡಿಜೆ. ಅಲ್ಲಿಗೆ ಬರುವವರು ಹೆಚ್ಚಾಗಿ ಅರವತ್ತು ದಾಟಿದವರು, ಮಂಡಿನೋವಿನವರು, ಹೊಸದಾಗಿ ಒಂಟಿಯಾದವರು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರೊಳಗೆ ಸೇರಿಸಬೇಕು. ಎರಡರ ಬೀಟೂ ಒಂದರ ಮೇಲೊಂದು ಬಿದ್ದು ಒಂದೇ ಆಗಬೇಕು. ಕುಣಿಯುವವರ ಕಾಲಿಗೆ ಹಾಡು ಬದಲಾದದ್ದೇ ಗೊತ್ತಾಗಬಾರದು. ವೇಗ ಹೊಂದಿಸುವುದು ಇದರಲ್ಲಿ ನಿಧಾನದ ಕೆಲಸ, ಯಾರಾದರೂ ಕಲಿಯಬಹುದು. ಎರಡನೆಯ ಹಾಡನ್ನು ಬಿಡುವ ಗಳಿಗೆ ಇದೆಯಲ್ಲ, ಅದು ಮಾತ್ರ ಬೆರಳಿಗೆ ಬರಬೇಕು. ತಟ್ಟೆಯಣ್ಣನ ಬಲಗೈಗೆ ಅದು ನೀರು ಕುಡಿದಷ್ಟು ಸಲೀಸಾಗಿತ್ತು. ಕಣ್ಣು ಮುಚ್ಚಿ, ಯಾರ ಜೊತೆಗೋ ಹರಟೆ ಹೊಡೆಯುತ್ತಾ ಬಿಡುತ್ತಿದ್ದ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವಾಗ ಅವನ ಕೈಯಿಂದ ರೇಜರ್ ಜಾರಿತು. ಬಗ್ಗಿ ಎತ್ತಿಕೊಂಡ, ಮತ್ತೆ ಜಾರಿತು. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಮೂರನೆಯ ಸಲಕ್ಕೆ ಕಾಯದೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಸಣ್ಣ ಸ್ಟ್ರೋಕ್, ಬೇಗ ಬಂದಿರಿ, ಅದೃಷ್ಟ ಎಂದರು ಡಾಕ್ಟರು. ಮಾತು ಉಳಿಯಿತು, ನಡಿಗೆ ಉಳಿಯಿತು, ಹಟವಂತೂ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಲಿಲ್ಲ. ಬಲಗೈ ಬೆರಳುಗಳು ಮಾತ್ರ ತಡವಾದವು. ಒತ್ತು ಎಂದು ಇವನು ಅಂದುಕೊಂಡಾದ ಮೇಲೆ, ಒಂದು ಕ್ಷಣ ಬಿಟ್ಟು ಅವು ಒತ್ತುತ್ತಿದ್ದವು.

ಫಿಸಿಯೋ ಮೇಡಂ ಒಂದು ರಬ್ಬರ್ ಚೆಂಡು, ಒಂದು ಡಬ್ಬಿ ತುಂಬ ಅಂಗಿಯ ಗುಂಡಿಗಳನ್ನು ಕೊಟ್ಟರು. ದಿನಕ್ಕೆ ಮೂರು ಹೊತ್ತು ಚೆಂಡು ಹಿಸುಕಬೇಕು, ಗುಂಡಿಗಳನ್ನು ಒಂದೊಂದೇ ಹೆಕ್ಕಿ ಇನ್ನೊಂದು ಡಬ್ಬಿಗೆ ಹಾಕಬೇಕು, ಮೇಜಿನ ಮೇಲೆ ಬೆರಳು ತಟ್ಟಬೇಕು, ಪ್ರತಿ ಮಂಗಳವಾರ ಬಂದು ತೋರಿಸಬೇಕು.

“ಮೊದಲ ಎರಡು ವರ್ಷ ಕೈ ನಮ್ಮ ಮಾತು ಕೇಳುತ್ತೆ,” ಎಂದರು ಅವರು. “ಆಮೇಲೆ ಕೇಳಲ್ಲ ಅಂತಲ್ಲ, ಆದರೆ ತುಂಬಾ ಸತಾಯಿಸುತ್ತೆ. ಈಗ ಬಿಡಬೇಡಿ.”

ಅಣ್ಣ ಮನೆಗೆ ಬಂದವನೇ ತಟ್ಟೆಗಳ ಮುಂದೆ ಕೂತ. ಒಂದೇ ವಾರದಲ್ಲಿ ಎರಡು ಸೂಜಿ ಮುರಿದ, ಇಪ್ಪತ್ತು ವರ್ಷ ಜೋಪಾನ ಮಾಡಿದ್ದ ತಟ್ಟೆಯೊಂದರ ಮೇಲೆ ಉದ್ದಕ್ಕೂ ಗೀರು ಎಳೆದ, ಮುಚ್ಚಳ ಮುಚ್ಚಿ ಬಾಲ್ಕನಿಗೆ ಹೋಗಿ ಎದುರುಮನೆಯ ಗೋಡೆ ನೋಡುತ್ತಾ ಕೂತ. ಬೈದಿದ್ದರೆ, ಕೂಗಾಡಿದ್ದರೆ ತಂಗಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಗೋಡೆ ನೋಡುವ ಅಣ್ಣನನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವಳು ಯಾರಿಗೂ ಹೇಳದೆ ಹೋಗಿ ಒಂದು ಸೆಕೆಂಡ್‌ಹ್ಯಾಂಡ್ ಕಂಟ್ರೋಲರ್ ತಂದಳು. ತಟ್ಟೆಯ ಬದಲು ಎರಡು ಚಕ್ರ, ಸೂಜಿಯ ಬದಲು ಗುಂಡಿ, ಹಾಡೆಲ್ಲ ಲ್ಯಾಪ್‌ಟಾಪಿನಲ್ಲಿ. ಸೂಜಿ ಮುರಿಯುವ ಪ್ರಶ್ನೆಯೇ ಇಲ್ಲ ಎಂದು ಅಂಗಡಿಯವನು ಹೇಳಿದ್ದ. ಬೇರೆ ಏನೇನು ಮುರಿಯುತ್ತದೆ ಎಂದು ಅವನು ಹೇಳಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಪುಟ್ಟಿಯ ಪಾಡು. ಹಾಡನ್ನು ಒಳಗೆ ಹಾಕಿದ ಕೂಡಲೇ ಸಾಫ್ಟ್‌ವೇರ್ ಅದನ್ನು ಕೇಳಿ, ನಿಮಿಷಕ್ಕೆ ಇಷ್ಟು ಬೀಟು ಎಂದು ಬರೆದುಕೊಳ್ಳುತ್ತದೆ. ಬರೆದದ್ದನ್ನು ಅವಳು ಕಣ್ಣುಮುಚ್ಚಿ ನಂಬಿದಳು. ಕೆನ್ನೆಗೆ ಕೆನ್ನೆ ತಾಗಿಸಿ ನಿಧಾನಕ್ಕೆ ಕುಣಿಯುವ ಹಾಡೊಂದಕ್ಕೆ ಆ ಪುಣ್ಯಾತ್ಮ ಸಾಫ್ಟ್‌ವೇರು ಇರುವುದರ ಎರಡರಷ್ಟು ವೇಗ ಬರೆದಿತ್ತು. ಹಾಡು ಹೋಗಿ ವೇಗದವುಗಳ ಪಟ್ಟಿಯಲ್ಲಿ ಕೂತಿತ್ತು. ಭಾನುವಾರ ಜನ ಬೆವರು ಸುರಿಸಿ ಕುಣಿಯುತ್ತಿದ್ದಾಗ ಸರಿಯಾಗಿ ಅದೇ ಬಂತು. ಎಲ್ಲರೂ ಕರೆಂಟ್ ಹೋದವರಂತೆ ನಿಂತರು.

“ಯಾರು ಸತ್ತಿದ್ದು ಪುಟ್ಟಿ?” ಎಂದ ಅಣ್ಣ, ಮೈಕಿನಲ್ಲೇ.

ಅವಳು ಆ ವಾರವಿಡೀ ಅಂಗಡಿಯಿಂದ ಬಂದು ಒಂದೊಂದೇ ಹಾಡಿಗೆ ಮೇಜಿನ ಮೇಲೆ ಬೆರಳು ತಟ್ಟಿ ಎಣಿಸಿ, ತಪ್ಪಿದ್ದನ್ನೆಲ್ಲ ತಿದ್ದಿದಳು. ತಿದ್ದಿದ್ದೇ ಅಲ್ಲದೆ, ಸ್ವಭಾವಕ್ಕೆ ತಕ್ಕಂತೆ ಎಲ್ಲವನ್ನೂ ಚೆನ್ನಾಗಿ ಜೋಡಿಸಿಟ್ಟಳು: ಇಸವಿಗೊಂದು ಫೋಲ್ಡರ್, ಹಾಡುಗಾರರಿಗೊಂದು ಫೋಲ್ಡರ್. ಕೈ ತೊಳೆದುಕೊಂಡು ಬಂದು ಸಾಫ್ಟ್‌ವೇರ್ ತೆರೆದರೆ ನಾಲ್ಕು ಸಾವಿರ ಹಾಡುಗಳ ಮುಂದೆಯೂ ಕೆಂಪು ಗುರುತು. ಹಾಡು ಎಲ್ಲಿತ್ತು ಎನ್ನುವುದಷ್ಟೇ ಅದಕ್ಕೆ ಗೊತ್ತು. ಮನೆ ಬದಲಾಯಿಸಿದವರನ್ನು ಹಳೇ ಮನೆಯಲ್ಲೇ ಹುಡುಕುವ ಅಂಚೆಯವನ ಹಾಗೆ ಅಲ್ಲಿಗೇ ಹೋಗಿ, ಬಾಗಿಲು ತಟ್ಟಿ, ಯಾರೂ ಇಲ್ಲ ಎಂದು ವಾಪಸು ಬಂದಿತ್ತು. ಅವಳು ಲ್ಯಾಪ್‌ಟಾಪಿನ ಮುಂದೆ ತಲೆ ಚಚ್ಚಿಕೊಂಡಳು. ಸಾಫ್ಟ್‌ವೇರಿನ ಒಳಗಿಂದಲೇ ಜಾಗ ಬದಲಾಯಿಸಬೇಕು, ಹೊರಗಿಂದ ಮುಟ್ಟಬಾರದು ಎಂಬುದು ಹೀಗೆ ತಲೆಗೆ ಹತ್ತಿತು.

ಇನ್ನೊಂದು ಭಾನುವಾರ ಅಣ್ಣ ವೇಗದ ಸ್ಲೈಡರನ್ನು ಎಳೆದೇ ಎಳೆದ, ಏನೂ ಆಗಲಿಲ್ಲ. ಇನ್ನೂ ಎಳೆದ. ಒಮ್ಮೆಲೇ ಅದು ಹಿಡಿದುಕೊಂಡು ಹಾಡು ಬಾಲ ಸುಟ್ಟ ಬೆಕ್ಕಿನಂತೆ ಓಡಿತು. ಹಿಂದಿನ ಹಾಡಿಗೆ ಸ್ಲೈಡರನ್ನು ಎಲ್ಲಿ ಬಿಟ್ಟಿದ್ದರೋ ಅಲ್ಲಿಗೂ ಲ್ಯಾಪ್‌ಟಾಪ್ ನೆನಪಿಟ್ಟುಕೊಂಡ ಜಾಗಕ್ಕೂ ಹೊಂದದಿದ್ದರೆ, ಎರಡೂ ಸಂಧಿಸುವವರೆಗೆ ಎಷ್ಟು ಎಳೆದರೂ ಹಾಡಿಗೆ ತಾಗುವುದಿಲ್ಲವಂತೆ. ಇದನ್ನು ಅವಳು ಕಂಟ್ರೋಲರಿನ ಜೊತೆ ಬಂದಿದ್ದ ಪುಸ್ತಕದ ತೊಂಬತ್ತೊಂದನೆಯ ಪುಟದಲ್ಲಿ ಓದಿದಳು. ಮೊದಲ ಪುಟದಲ್ಲಿ ಹೇಳಿದ್ದರೆ ಯಾರ ಗಂಟು ಹೋಗುತ್ತಿತ್ತು? ಕೇಬಲ್ಲಿಗೆ ಅಣ್ಣನ ಕಾಲು ತಾಗಿ ಭವನವೇ ಮೌನವಾದ ದಿನದಿಂದ ಕೇಬಲ್ಲನ್ನು ಮೇಜಿನ ಕಾಲಿಗೆ ಟೇಪು ಸುತ್ತಿ ಬಿಗಿಯುವುದು ರೂಢಿಯಾಯಿತು, ಚೀಲದಲ್ಲಿ ಇನ್ನೊಂದು ಕೇಬಲ್ ಇರುವುದೂ ರೂಢಿಯಾಯಿತು. ಸದ್ದಿನ ದೀಪ ಕೆಂಪಿಗೆ ಹೋದರೆ ಸದ್ದು ಹೆಚ್ಚುವುದಿಲ್ಲ, ಹಾಡು ಹರಿದುಹೋಗುತ್ತದೆ ಅಷ್ಟೇ ಎಂದು ತಿಳಿಯುವ ಹೊತ್ತಿಗೆ ಭವನದ ಒಂದು ಸ್ಪೀಕರು ಗೊಗ್ಗರು ದನಿಗೆ ಬಿದ್ದಿತ್ತು.

ಇಷ್ಟೆಲ್ಲ ಸಹಿಸಬಹುದಿತ್ತು, ಬೆರಳು ಸರಿಯಾಗಿ ಬಿದ್ದಿದ್ದರೆ. ಅದೊಂದೇ ಆಗಲಿಲ್ಲ. ವೇಗವನ್ನು ಅಣ್ಣ ಕಿವಿಯಿಂದಲೇ ಅಚ್ಚುಕಟ್ಟಾಗಿ ಹೊಂದಿಸುತ್ತಿದ್ದ. ಬಿಡುವ ಗಳಿಗೆ ಬಂದಾಗ ಬಲಗೈ ತಡವಾಗಿ ಒತ್ತುತ್ತಿತ್ತು, ಎರಡು ಹಾಡುಗಳು ಮೆಟ್ಟಿಲ ಮೇಲಿಂದ ಒಟ್ಟಿಗೆ ಉರುಳಿದವರಂತೆ ದಡಬಡ ಎನ್ನುತ್ತಿದ್ದವು. ಎಡಗೈಯಲ್ಲಿ ಒತ್ತಿದರೆ ಇನ್ನೂ ಅಧ್ವಾನ. ಮುದುಕರು ಪಾಪ ತಮ್ಮ ಕಾಲೇ ತಪ್ಪಿತೆಂದುಕೊಂಡು ಜೋಡಿಗೆ ಸಾರಿ ಹೇಳುತ್ತಿದ್ದರು. ಅದನ್ನು ನೋಡಿ ಅಣ್ಣ ಹಲ್ಲು ಕಡಿಯುತ್ತಿದ್ದ.

“ಇಲ್ಲಿ ಸಿಂಕ್ ಅಂತ ಒಂದು ಗುಂಡಿ ಇದೆ ಅಣ್ಣಾ. ಅದನ್ನ ಒತ್ತಿದ್ರೆ ಅದೇ ಎಲ್ಲಾ ಹೊಂದಿಸ್ಕೊಳ್ಳುತ್ತೆ.”

“ಮಿಕ್ಸಿ ಕೂಡ ಗುಂಡಿ ಒತ್ತಿದ್ರೆ ತಾನಾಗೇ ತಿರುಗುತ್ತೆ. ಅದನ್ನೇ ತಂದು ಕೂರಿಸು ಇಲ್ಲಿ, ನಾನು ಮನೇಲಿರ್ತೀನಿ.”

“ನಾನು ಹಾಕ್ಲಾ? ನೀನು ಪಕ್ಕದಲ್ಲಿದ್ದು ಹೇಳು.”

“ಪುಟ್ಟಿ, ನನ್ನ ಕೈ ಹೋಗಿದೆ ಅಂತ ಅನ್ನಿಸಿದ್ರೆ ನೇರವಾಗಿ ಹೇಳು. ಬೋರ್ಡ್ ಹಾಕ್ಕೊಂಡು ಕೂತ್ಕೋತೀನಿ.”

ಇಂಥವನ ಜೊತೆ ಏನು ಮಾತಾಡುತ್ತೀರಿ? ಭವನದ ಮ್ಯಾನೇಜರ್ ಒಂದು ದಿನ ಅವಳನ್ನು ಬದಿಗೆ ಕರೆದು, ಬಹಳ ಸಂಕೋಚದಿಂದ, ಇನ್ನೊಂದು ತಿಂಗಳು ನೋಡೋಣಮ್ಮ, ಜನ ಕಮ್ಮಿಯಾಗ್ತಿದ್ದಾರೆ ಎಂದ. ಅಣ್ಣನಿಗೆ ಅವಳು ಅದನ್ನು ಹೇಳಲಿಲ್ಲ. ಹೇಳಿದ್ದರೆ ಅವನು ಮತ್ತೆ ಬಾಲ್ಕನಿಗೆ ಹೋಗಿ ಗೋಡೆ ನೋಡುತ್ತಾ ಕೂರುತ್ತಿದ್ದ, ಈ ಸಲ ಏಳುತ್ತಿರಲಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು.

ಆ ತಿಂಗಳ ಎರಡನೆಯ ವಾರ ಪುಸ್ತಕದಲ್ಲಿ ಕ್ವಾಂಟೈಜ್ ಎನ್ನುವ ಪದ ಸಿಕ್ಕಿತು. ಇದು ಸಿಂಕಿನಂತೆ ಊರೆಲ್ಲ ಸಾರಿಕೊಂಡು ಬರುವಂಥದ್ದಲ್ಲ. ವೇಗವನ್ನು ಮುಟ್ಟುವುದಿಲ್ಲ, ಹಾಡನ್ನು ಆರಿಸುವುದಿಲ್ಲ. ಒತ್ತುವವರ ಬೆರಳು ಸ್ವಲ್ಪ ತಡವಾದರೆ, ಹಾಡನ್ನು ಆ ಸ್ವಲ್ಪದಷ್ಟೇ ಮುಂದಕ್ಕೆ ಎಳೆದು ಬೀಟಿನ ಮೇಲೆ ಕೂರಿಸಿಬಿಡುತ್ತದೆ. ಒತ್ತಿದವರಿಗೂ ಗೊತ್ತಾಗುವುದಿಲ್ಲ. ಕಂಟ್ರೋಲರಿನ ಮೇಲೆ ಅದಕ್ಕೊಂದು ಸಣ್ಣ ಗುಂಡಿ, ಆನ್ ಆಗಿದ್ದರೆ ಕೆಂಪಗೆ ಉರಿಯುವ ಒಂದು ದೀಪ. ಅಣ್ಣ ಹೇಗಿದ್ದರೂ ಲ್ಯಾಪ್‌ಟಾಪಿನ ಪರದೆ ನೋಡುವವನಲ್ಲ. ಕಣ್ಣಿಂದ ಹಾಡು ಹಾಕುವುದು ಕಿವುಡರ ಕೆಲಸ ಎನ್ನುತ್ತಿದ್ದ. ಅವಳು ಆ ಗುಂಡಿಯನ್ನು ಒತ್ತಿ, ದೀಪದ ಮೇಲೆ ಕಪ್ಪು ಟೇಪಿನ ಒಂದು ತುಂಡು ಅಂಟಿಸಿದಳು.

“ಇದೇನು?” ಎಂದ ಅಣ್ಣ.

“ಪ್ಲಾಸ್ಟಿಕ್ ಬಿರುಕು ಬಿಟ್ಟಿತ್ತು. ಧೂಳು ಹೋಗದಿರ್ಲಿ ಅಂತ.”

ಆ ಭಾನುವಾರ ಮೊದಲನೆಯ ಹಾಡಿನ ಮೇಲೆ ಎರಡನೆಯದು ಬಂದು ಕೂತಿತು. ಅಣ್ಣ ತಲೆ ಎತ್ತಲಿಲ್ಲ, ಅದೃಷ್ಟ ಅಂದುಕೊಂಡಿರಬೇಕು. ಮೂರನೆಯದೂ ಕೂತಿತು. ನಾಲ್ಕನೆಯದಕ್ಕೆ ಅವನು ಹೆಡ್‌ಫೋನು ಕತ್ತಿಗೆ ಇಳಿಸಿ ಭವನವನ್ನು ನೋಡಿದ. ಮಂಡಿನೋವಿನವರೆಲ್ಲ ಒಂದೇ ಹೆಜ್ಜೆಯಲ್ಲಿ ತಿರುಗುತ್ತಿದ್ದರು, ಯಾರೂ ಯಾರಿಗೂ ಸಾರಿ ಹೇಳುತ್ತಿರಲಿಲ್ಲ.

“ಬಂತು ಪುಟ್ಟಿ,” ಎಂದ, ಅವಳ ಕಿವಿಯ ಹತ್ತಿರ ಬಗ್ಗಿ. “ಕೈ ಬಂತು ಕಣೇ.”

ಅವನ ಕಣ್ಣಲ್ಲಿ ನೀರಿತ್ತು. ಅವಳಿಗೂ ಬಂತು. ಆ ಗಳಿಗೆಯಲ್ಲಿ ನಿಜ ಹೇಳುವ ಕಲ್ಲೆದೆ ಯಾರಿಗಿರುತ್ತದೆ? ಮುಂದಿನ ವಾರ ಹೇಳೋಣ ಎಂದುಕೊಂಡಳು. ಮುಂದಿನ ವಾರ ಅವನು ಇನ್ನೂ ಚೆನ್ನಾಗಿ ಹಾಕಿದ, ಅದಕ್ಕೂ ಮುಂದಿನ ವಾರ ಜನ ಹೆಚ್ಚಾದರು. ಒಂದೊಂದು ಭಾನುವಾರ ಕಳೆದಂತೆ ಹೇಳುವುದು ಕಷ್ಟವಾಗುತ್ತಾ ಹೋಯಿತು. ಹೀಗೇ ಒಂದು ವರ್ಷದ ಮೇಲೆ ಎರಡು ತಿಂಗಳು. ಅರ್ಧ ಮಿಲಿಮೀಟರ್ ತಪ್ಪಿದರೆ ಗಾಜನ್ನೇ ಎಸೆಯುವ ಹೆಂಗಸು ಇಷ್ಟು ದೊಡ್ಡ ತಪ್ಪನ್ನು ಮಡಿಲಲ್ಲಿಟ್ಟುಕೊಂಡು ಪ್ರತಿ ವಾರ ಅಣ್ಣನ ಪಕ್ಕ ಕೂತಳು. ಅವನ ಮನೆಗೆ ಹೋದಾಗ ಅತ್ತಿಗೆ ಅವನ ಅಂಗಿಯ ಗುಂಡಿ ಹಾಕುವುದು ಕಾಣುತ್ತಿತ್ತು, ಅವನು ಲೋಟವನ್ನು ಎಡಗೈಯಲ್ಲಿ ಎತ್ತುವುದು ಕಾಣುತ್ತಿತ್ತು. ಕಂಡೂ ಕಾಣದ ಹಾಗೆ ಅವಳು ಬೇರೆ ಮಾತು ತೆಗೆಯುತ್ತಿದ್ದಳು. ಮಂಗಳವಾರ ಫಿಸಿಯೋಗೆ ಹೋಗ್ತಿದ್ದಾನಲ್ಲ, ನಿಧಾನಕ್ಕೆ ನಿಜವಾಗಿಯೂ ಸರಿಹೋಗುತ್ತದೆ, ಆಗ ಯಾರಿಗೂ ತಿಳಿಯದಂತೆ ಗುಂಡಿ ಆರಿಸಿಬಿಡೋಣ, ಸುಳ್ಳು ತಾನಾಗೇ ನಿಜವಾಗುತ್ತದೆ: ಇದು ಅವಳ ಲೆಕ್ಕಾಚಾರ.

ಒಂದು ಭಾನುವಾರ ದೊಡ್ಡ ಹೋಟೆಲೊಂದರ ಮ್ಯಾನೇಜರ್ ತನ್ನ ತಾಯಿಯನ್ನು ಕುಣಿಯಲು ಕರೆದುಕೊಂಡು ಬಂದಿದ್ದ. ಮೂರು ಗಂಟೆ ಕಾಲು ಅಲ್ಲಾಡಿಸದೆ ಕೇಳಿದವನು, ಹೋಗುವಾಗ ಅಣ್ಣನ ಕೈ ಕುಲುಕಿದ. ತಮ್ಮ ಹೊಸ ಸಭಾಂಗಣದಲ್ಲಿ ಇನ್ನು ಶನಿವಾರ ಮಧ್ಯಾಹ್ನ ಕುಣಿತ ಶುರು, ಮೊದಲ ಶನಿವಾರ ನೀವೇ ಬರಬೇಕು, ಹಿಡಿಸಿದರೆ ಪ್ರತಿ ಶನಿವಾರ ನಿಮ್ಮದೇ ಎಂದ. ಅಣ್ಣ ಅಲ್ಲೇ ಒಪ್ಪಿಕೊಂಡ. ಅಲ್ಲಿ ಎಲ್ಲ ಸಲಕರಣೆಯೂ ಇದೆಯಂತೆ, ಒಂದು ಪೆನ್‌ಡ್ರೈವಿನಲ್ಲಿ ಹಾಡು ತಂದರೆ ಸಾಕಂತೆ ಎಂದು ತಂಗಿಗೆ ಹೇಳುವಾಗ ಅವನ ಮುಖ ಊರಗಲವಾಗಿತ್ತು.

“ನಮ್ಮ ಕಂಟ್ರೋಲರ್ರೇ ತಗೊಂಡು ಹೋಗೋಣ ಅಣ್ಣಾ. ಅಭ್ಯಾಸ ಇದೆ.”

“ಅಭ್ಯಾಸ ಕೈಗೆ ಇರ್ಬೇಕು ಪುಟ್ಟಿ, ಡಬ್ಬಿಗಲ್ಲ. ಡಬ್ಬಿ ಹೊತ್ಕೊಂಡು ಹೋದ್ರೆ ನಗ್ತಾರೆ.”

“ಹೊಸ ಸಾಮಾನು, ಹೇಗಿರುತ್ತೋ ಏನೋ…”

“ಮೂವತ್ತೈದು ವರ್ಷದಲ್ಲಿ ಎಷ್ಟು ಹೊಸ ಸಾಮಾನು ನೋಡಿಲ್ಲ ನಾನು! ನಿನಗ್ಯಾಕೆ ಇಷ್ಟು ಗಾಬರಿ?”

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಹೇಳಲಿಲ್ಲ. ಬದಲಿಗೆ ಅವಳು ಮಾಡಿದ್ದೇನೆಂದರೆ, ಮೂರು ದಿನ ಸಂಜೆ ಕೂತು ಪೆನ್‌ಡ್ರೈವ್ ತಯಾರು ಮಾಡಿದ್ದು. ಬರೀ ಹಾಡು ನಕಲು ಮಾಡಿದರೆ ಬೀಟಿನ ಗುರುತುಗಳು ಲ್ಯಾಪ್‌ಟಾಪಿನಲ್ಲೇ ಉಳಿದುಬಿಡುತ್ತವೆ, ಹಾಡು ಬೋಳಾಗಿ ಹೋಗುತ್ತದೆ; ಗುರುತಿಲ್ಲದ ಹಾಡನ್ನು ಯಾವ ಕ್ವಾಂಟೈಜೂ ಎಳೆದು ಕೂರಿಸಲಾರದು. ಗುರುತುಗಳ ಸಮೇತ ಕಳಿಸುವ ದಾರಿಯನ್ನು ಹುಡುಕಿ ಕಳಿಸಿದಳು. ಇನ್ನು ಅಲ್ಲಿಯ ಯಂತ್ರದ ಮೇಲೆ ಆ ಗುಂಡಿಯನ್ನು ಒತ್ತಿದರಾಯಿತು ಎಂದುಕೊಂಡಳು. ಸುಳ್ಳನ್ನು ಊರಿಂದೂರಿಗೆ ಸಾಗಿಸಲು ಅವಳು ಪಟ್ಟ ಶ್ರಮದ ಕಾಲುಭಾಗ ನಿಜ ಹೇಳಲು ಸಾಕಾಗುತ್ತಿತ್ತು.

ಶನಿವಾರ ಅವಳು ಅಂಗಡಿಗೆ ರಜೆ ಹಾಕಿ ಅಣ್ಣನಿಗಿಂತ ಅರ್ಧ ಗಂಟೆ ಮುಂಚೆಯೇ ಹೋದಳು. ಸಭಾಂಗಣದ ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ವೇದಿಕೆಯ ಮೇಲೆ ಅಡಿಗೆ ಒಲೆಯಷ್ಟು ದೊಡ್ಡ ಎರಡು ಯಂತ್ರ. ಗುಂಡಿ ಹುಡುಕಿ ಎರಡರಲ್ಲೂ ಒತ್ತಿದಳು. ಎರಡೂ ಕೆಂಪು ದೀಪ ಕಣ್ಣಿಗೆ ಕುಕ್ಕುವಂತೆ ಹತ್ತಿಕೊಂಡವು. ಇಲ್ಲಿ ಟೇಪು ಅಂಟಿಸುವ ಹಾಗಿಲ್ಲ. ಹೋಟೆಲಿನ ಸೌಂಡ್ ಇಂಜಿನಿಯರ್, ಬೋಳುತಲೆಯ ಸಭ್ಯ ಮನುಷ್ಯ, ಪಕ್ಕದಲ್ಲೇ ನಿಂತಿದ್ದ.

ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಯಂತ್ರಗಳ ಸುತ್ತ ಒಂದು ಸುತ್ತು ಹಾಕಿ, ಬೆರಳು ಚಾಚಿ ಕೇಳಿದ, “ಇದೇನು ದೀಪ?”

ಇಂಜಿನಿಯರ್ ಖುಷಿಯಿಂದ ವಿವರಿಸಿದ. “ಕ್ವಾಂಟೈಜ್ ಸರ್. ಬೆರಳು ಸ್ವಲ್ಪ ತಡ ಆದ್ರೂ ಬೀಟಿನ ಮೇಲೇ ತಂದು ಕೂರಿಸುತ್ತೆ. ಹೊಸಬರು ಆನ್ ಇಟ್ಕೋತಾರೆ. ನಿಮ್ಮಂಥವರಿಗೆ ಯಾಕೆ ಬೇಕು!”

“ಆರಿಸಿ ಹಾಗಾದ್ರೆ.”

“ಇರ್ಲಿ ಅಣ್ಣಾ,” ಎಂದಳು ಅವಳು.

ಅಣ್ಣ ತಿರುಗಿದ. “ಯಾಕೆ?”

“ಸುಮ್ನೆ.”

ಒಂದು ವರ್ಷ ಎರಡು ತಿಂಗಳ ಕೊನೆಗೆ ಅವಳ ಬಾಯಿಂದ ಬಂದದ್ದು ಆ ಒಂದು ಸುಮ್ನೆ. ಇಂಜಿನಿಯರ್ ಎರಡೂ ದೀಪ ಆರಿಸಿದ.

ಮೊದಲ ಹಾಡು ಚೆನ್ನಾಗಿಯೇ ಹೋಯಿತು, ಅದನ್ನು ಯಾರು ಹಾಕಿದರೂ ಹೋಗುತ್ತದೆ. ಜನ ನೆಲಕ್ಕಿಳಿದರು. ಎರಡನೆಯದನ್ನು ಅಣ್ಣ ಕಣ್ಣು ಮುಚ್ಚಿ ಬಿಟ್ಟ. ದಡಬಡ. ಚಕ್ರ ತಿರುಗಿಸಿ ಹೇಗೋ ಹೊಂದಿಸಿಕೊಂಡ, ಹೊಸ ಯಂತ್ರ ಎಂದು ಇಂಜಿನಿಯರ್ ಕಡೆ ನೋಡಿ ನಕ್ಕ. ಮೂರನೆಯದು ಅದಕ್ಕಿಂತ ತಡವಾಯಿತು. ಕುಣಿಯುತ್ತಿದ್ದ ಜೋಡಿಗಳು ಒಂದರ ಮೇಲೊಂದು ಮುಗ್ಗರಿಸಿದವು, ಯಾರೋ ಶಿಳ್ಳೆ ಹಾಕಿದರು. ನಾಲ್ಕನೆಯದಕ್ಕೆ ಅವನು ಕಣ್ಣು ಬಿಟ್ಟುಕೊಂಡು, ಬೆರಳನ್ನು ಗುಂಡಿಯ ಮೇಲೇ ಇಟ್ಟು, ಉಸಿರು ಹಿಡಿದು ಒತ್ತಿದ. ಆಗಲೂ ತಡ. ಹೋಟೆಲಿನ ಮ್ಯಾನೇಜರ್ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ.

ಅಣ್ಣ ತನ್ನ ಬಲಗೈಯನ್ನು ನೋಡಿದ. ಆರಿದ ದೀಪವನ್ನು ನೋಡಿದ. ಆಮೇಲೆ ತಂಗಿಯನ್ನು ನೋಡಿದ. ಅವನು ದಡ್ಡನಲ್ಲ. ಬೈಯಲೂ ಇಲ್ಲ. ಹೆಡ್‌ಫೋನು ತೆಗೆದು ಅವಳ ಕೈಗೆ ಕೊಟ್ಟು, “ನೀನು ಹಾಕು,” ಎಂದು ವೇದಿಕೆಯ ಹಿಂದಿನ ಕುರ್ಚಿಗೆ ಹೋಗಿ ಕೂತ.

ಅವಳು ಎರಡೂವರೆ ಗಂಟೆ ಹಾಡು ಹಾಕಿದಳು. ದೀಪ ಹತ್ತಿಸಲಿಲ್ಲ. ಗಾಜು ಕೂರಿಸುವ ಕೈ, ಒಂದೊಂದೂ ಇದ್ದಲ್ಲೇ ಕೂತಿತು. ಜನ ಕುಣಿದರು, ಮ್ಯಾನೇಜರ್ ಬಂದು ಪರವಾಗಿಲ್ಲ ಮೇಡಂ ಎಂದ. ಮುಂದಿನ ಶನಿವಾರದ ಮಾತೆತ್ತಿದ. ಅವಳಿಗೆ ಅಲ್ಲೇ ಆ ಯಂತ್ರವನ್ನು ಎತ್ತಿ ಕುಕ್ಕಬೇಕೆನ್ನಿಸಿತು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಹೊರಗೆ ಇನ್ನೂ ಬಿಸಿಲಿತ್ತು.

“ನಮ್ಮ ಡಬ್ಬೀಲೂ ಆ ಗುಂಡಿ ಇದ್ಯಾ?” ಎಂದ ಅಣ್ಣ.

“ಇದೆ.”

“ಟೇಪಿನ ಕೆಳಗೆ?”

“ಹೂಂ.”

“ಎಷ್ಟು ದಿನದಿಂದ?”

“ಮೊದಲನೇ ಸಲ ಸರಿಯಾಗಿ ಬಿತ್ತಲ್ಲ ಅಣ್ಣಾ, ಆ ದಿನದಿಂದ.”

ಅವಳು ಬೈಗುಳಕ್ಕೆ ಕಾದಳು. ಭವನದ ಮ್ಯಾನೇಜರ್ ಕೊಟ್ಟ ಗಡುವನ್ನೂ ಹೇಳಿದಳು, ತನ್ನ ಭಯವನ್ನೂ ಹೇಳಿದಳು. ಅವನು ಕಿಟಕಿಯಾಚೆ ನೋಡುತ್ತಿದ್ದ.

“ಬೈಯೋ ಅಣ್ಣಾ, ಏನಾದ್ರೂ ಹೇಳು.”

“ಬೈಯೋಕೆ ಏನಿದೆ. ನನ್ನ ಮರ್ಯಾದೆ ಉಳ್ಸೋಕೆ ಮಾಡ್ದೆ,” ಎಂದ. ಆಮೇಲೆ, “ನಾನು ಎಕ್ಸರ್‌ಸೈಜ್ ಬಿಟ್ಟು ಒಂದು ವರ್ಷ ಆಯ್ತು ಪುಟ್ಟಿ,” ಎಂದ.

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ.

“ಅಂಗಿ ಗುಂಡಿ ಹಾಕೋಕೆ ಬರ್ದಿದ್ರೆ ಬಿಡು, ಬೀಟಿನ ಮೇಲೆ ಬೀಳ್ತಿದೆಯಲ್ಲ, ಬೇಕಾದ ಕಡೆ ಕೈ ಸರಿಹೋಗಿದೆ ಅಂದ್ಕೊಂಡೆ. ಆ ಚೆಂಡು ನೋಡಿದ್ರೆ ರೋಗಿ ಅನ್ನಿಸ್ತಿತ್ತು. ನಿಮ್ಮತ್ತಿಗೆಗೆ, ಮೇಡಮ್ಮೇ ಇನ್ನು ಸಾಕು ಅಂದ್ರು ಅಂತ ಹೇಳ್ದೆ. ಮಂಗಳವಾರ ತಿರುಗಾಡ್ಕೊಂಡು ಬರ್ತಿದ್ದೆ.”

ಫಿಸಿಯೋ ಮೇಡಂ ಹೇಳಿದ ಎರಡು ವರ್ಷದಲ್ಲಿ ಒಂದು ವರ್ಷವನ್ನು ಅವಳು ತನ್ನ ಕೈಯಾರೆ ಟೇಪು ಅಂಟಿಸಿ ಮುಚ್ಚಿಬಿಟ್ಟಿದ್ದಳು.

ಮಂಗಳವಾರ ಅವಳೇ ಅವನನ್ನು ಹೊರಡಿಸಿದಳು. ಏನೋ ಅನುಮಾನ ಬಂದು ಅತ್ತಿಗೆಯೂ ಚೀಲ ಹಿಡಿದು ಜೊತೆಗೆ ಬಂದಳು. ಫಿಸಿಯೋ ಕೋಣೆಯಲ್ಲಿ ಗೋಡೆಯುದ್ದಕ್ಕೂ ಹಿಡಿದು ನಡೆಯುವ ಕಂಬಿ, ಒಂದು ಬುಟ್ಟಿ ಚೆಂಡು, ಕಿಟಕಿಯ ಹತ್ತಿರ ಒಂದು ಮೇಜು. ಮೇಡಂ ಅಣ್ಣನ ಬಲಗೈಯನ್ನು ಮೇಜಿನ ಮೇಲಿಡಿಸಿ, ಗಡಿಯಾರ ಹಿಡಿದು, ಹತ್ತು ಸೆಕೆಂಡು ಬೆರಳು ತಟ್ಟಲು ಹೇಳಿದರು. ಅವನು ಬೆವರಿಳಿಯುವಷ್ಟು ಜೋರಾಗಿ ತಟ್ಟಿದ. ಅವರು ಹಳೆಯ ಫೈಲು ತೆಗೆದು ನೋಡಿದರು, ಇನ್ನೊಮ್ಮೆ ತಟ್ಟಿಸಿದರು.

“ಕಡೇ ಸಲ ಬಂದಾಗ ಮೂವತ್ತೊಂದು ಇತ್ತು,” ಎಂದರು. “ಈಗ ಇಪ್ಪತ್ತು. ಅಷ್ಟು ಚೆನ್ನಾಗಿ ಬರ್ತಿದ್ದ ಕೈ. ಯಾಕೆ ಬಿಟ್ರಿ?”

“ಸೋಮಾರಿತನ ಮೇಡಂ,” ಎಂದ ಅಣ್ಣ.

“ಸೋಮಾರಿತನ!” ಅತ್ತಿಗೆ ಎದ್ದೇ ಬಿಟ್ಟಳು. “ನೀವೇ ಸಾಕು ಅಂದ್ರಿ ಅಂತ ನನಗೆ ಹೇಳಿದ್ರು ಮೇಡಂ ಇವರು! ವರ್ಷದಿಂದ ದಿನಾ ಇವರ ಅಂಗಿ ಗುಂಡಿ ಹಾಕ್ತಿದ್ದೀನಿ, ಯಾಕೆ ಇನ್ನೂ ಬರಲಿಲ್ಲ ಅಂತ ಕೇಳಿದ್ರೆ ನಗ್ತಾರೆ. ನಾಚಿಕೆ ಆಗಲ್ವಾ ನಿಮಗೆ?”

“ಆಗುತ್ತೆ,” ಎಂದ ಅಣ್ಣ. ತಲೆ ತಗ್ಗಿಸಿ, ಮೇಜಿನ ಮೇಲಿದ್ದ ತನ್ನ ಕೈಯನ್ನೇ ನೋಡುತ್ತಾ, ಅತ್ತಿಗೆ ಅಂದದ್ದನ್ನೆಲ್ಲ ಅನ್ನಿಸಿಕೊಂಡ. ತಂಗಿಯ ಕಡೆ ಒಮ್ಮೆಯೂ ನೋಡಲಿಲ್ಲ. ಮೇಡಂ ಫೈಲಿನಲ್ಲಿ ಅವನು ಹೇಳಿದ್ದನ್ನೇ ಬರೆದುಕೊಳ್ಳಲು ಪೆನ್ನು ತೆಗೆದರು.

“ಅಣ್ಣಂದು ತಪ್ಪಲ್ಲ ಮೇಡಂ,” ಎಂದಳು ಅವಳು.

ಬೇಡ ಎನ್ನುವಂತೆ ಅಣ್ಣನ ಬಲಗೈ ಮೇಜಿನಿಂದ ಎದ್ದು ಅವಳ ಮಣಿಕಟ್ಟಿನ ಕಡೆ ಹೊರಟಿತು. ಅದು ಬಂದು ಮುಟ್ಟುವಷ್ಟರಲ್ಲಿ ಅವಳು ಎಲ್ಲ ಹೇಳಿ ಮುಗಿಸಿದ್ದಳು.